ನೋಂಬಿನ ತೀರ: ಕೊಚ್ಚಿಯಿಂದ ತಿರುವನಂತಪುರದವರೆಗೆ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಹೊಕ್ಕು ಕತ್ತೆತ್ತಿ ನೋಡಿದವರಿಗೆ ಬ್ರದರ್ ಅಂತೋನಿಯೊ ಮೊಸ್ಕೇನಿಯ ಹೆಸರು ಹೊಸದಲ್ಲ. ಇಟಲಿಯ ಬೆರ್ಗಮೊ ಬಳಿಯ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಈ ಯೇಸುಸಭೆಯ ಬ್ರದರ್, 1899ರಿಂದ ಸುಮಾರು ಎರಡೂವರೆ ವರ್ಷ ದುಡಿದು ಆ ಗೋಡೆ, ಚಾವಣಿಗಳನ್ನು ತುಂಬಿದರು. ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ 23ನೆಯ ವಯಸ್ಸಿಗೆ ತೀರಿಕೊಂಡ ಸಂತ ಅಲೋಶಿಯಸರ ಬದುಕು ಅಲ್ಲಿದೆ. ಆದರೆ ಮೊಸ್ಕೇನಿ ಎಲ್ಲಿ ಸತ್ತರು, ಯಾವ ಚಿತ್ರದ ಕೆಲಸದಲ್ಲಿದ್ದಾಗ ಸತ್ತರು ಎಂದು ಕೇಳಿದರೆ ನಮ್ಮ ಕರಾವಳಿಯಲ್ಲೂ ಹೇಳುವವರು ಕಡಿಮೆ. ಅವರು ತೀರಿಕೊಂಡದ್ದು ಕೊಚ್ಚಿಯಲ್ಲಿ, 1905ರ ನವೆಂಬರ್ 15ರಂದು. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಕೆಥೆಡ್ರಲ್‌ಗೆ ಕ್ರಿಸ್ತನ ಪಾಡು ಮತ್ತು ಮರಣದ ಚಿತ್ರಗಳನ್ನು ಬರೆಯಲು ಮಂಗಳೂರಿನವನೇ ಆದ ತಮ್ಮ ಶಿಷ್ಯ ಡಿ ಗಾಮನನ್ನು ಕೂಡಿಕೊಂಡಿದ್ದರು. ಕೆಥೆಡ್ರಲ್‌ನ ಪ್ರತಿಷ್ಠೆ ನಡೆದದ್ದು ನವೆಂಬರ್ 19ಕ್ಕೆ. ನಾಲ್ಕು ದಿನ ಮೊದಲೇ ಚಿತ್ರಕಾರ ಹೋಗಿಬಿಟ್ಟಿದ್ದರು.

ಆ ಇಗರ್ಜಿಯೇ ಒಮ್ಮೆ ಸತ್ತು ಮತ್ತೆ ಎದ್ದದ್ದು. ಪೋರ್ಚುಗೀಸರು 1505ರಲ್ಲಿ ಅಡಿಗಲ್ಲು ಹಾಕಿದ ಮೊದಲ ಕಟ್ಟಡಕ್ಕೆ 1558ರಲ್ಲಿ ಕೆಥೆಡ್ರಲ್ ಪದವಿ ಬಂತು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಊರಿನ ಹೆಚ್ಚಿನ ಕಥೋಲಿಕ ಕಟ್ಟಡಗಳನ್ನು ಕೆಡವಿದಾಗ ಇದು ಆಯುಧಗಳ ಗೋದಾಮಾಗಿ ಉಳಿದುಕೊಂಡಿತು. 1795ರಲ್ಲಿ ಬಂದ ಇಂಗ್ಲಿಷರು ಅದನ್ನೂ ನೆಲಸಮ ಮಾಡಿದರು. ಹಳೆಯ ಕಟ್ಟಡದ ಒಂದು ಕಲ್ಲುಕಂಬ ಇವತ್ತಿಗೂ ಅಂಗಳದ ಆಗ್ನೇಯ ಮೂಲೆಯಲ್ಲಿ ನಿಂತಿದೆ. ಈಗಿನ ಕಟ್ಟಡದ ಕೆಲಸಕ್ಕೆ ಕೈಹಚ್ಚಿದ್ದು 1887ರಲ್ಲಿ. 1984ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಇದನ್ನು ಬಸಿಲಿಕಾ ಎಂದು ಘೋಷಿಸಿದರು.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುವಾಗ ಇಲ್ಲಿನ ಜನರ ತಲೆಯ ಮೇಲೆಯೇ ಆ ಹಾದಿ ಚಿತ್ರವಾಗಿ ಚಾಚಿಕೊಂಡಿರುತ್ತದೆ. ಹದಿನಾಲ್ಕು ಸ್ಥಳಗಳನ್ನು ಒಂದೊಂದಾಗಿ ನೆನೆದು ನೋಡಿ. ಬೀಳುವವನು, ಸಾಯುವವನು ಒಬ್ಬನೇ. ಆದರೆ ಹಾದಿಯಲ್ಲಿ ಅವನೊಬ್ಬನೇ ಇರುವುದಿಲ್ಲ. ನಾಲ್ಕನೆಯದರಲ್ಲಿ ತಾಯಿ ಎದುರಾಗುತ್ತಾಳೆ. ಐದನೆಯದರಲ್ಲಿ ಹೊಲದಿಂದ ಬರುತ್ತಿದ್ದ ಸಿರೇನ್ ಊರಿನ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ಕೊಟ್ಟದ್ದು ಬಲವಂತಕ್ಕೆ, ಆದರೂ ಕೊಟ್ಟ. ಆರನೆಯದರಲ್ಲಿ ವೆರೋನಿಕ ಮುಖ ಒರೆಸುತ್ತಾಳೆ. ಕೊನೆಯದರಲ್ಲಿ ಬೇರೆಯವರು ಹೊತ್ತು ತಂದು ಸಮಾಧಿಯಲ್ಲಿ ಮಲಗಿಸುತ್ತಾರೆ. ಸತ್ತವನು ತನ್ನ ಸಮಾಧಿಗೆ ತಾನೇ ನಡೆದು ಹೋಗಲಾರ. ಕೊಚ್ಚಿ, ತಿರುವನಂತಪುರ ಎಂಬ ಕೇರಳದ ಈ ಎರಡು ಊರುಗಳ ಕ್ರೈಸ್ತ ಚರಿತ್ರೆಯನ್ನು ನಾನು ಓದಿಕೊಳ್ಳುವುದೇ ಈ ಹೆಗಲುಗಳ ಕಡೆಯಿಂದ: ಸತ್ತವರನ್ನು ಹೊತ್ತವರು ಯಾರು, ಉಳಿದವರ ಮನೆಗೆ ಅನ್ನ ತಂದವರು ಯಾರು?

ಬಸಿಲಿಕಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಸಂತ ಫ್ರಾನ್ಸಿಸ್ ಚರ್ಚು. 1503ರಲ್ಲಿ ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿಗೆ ಬದಲಾಯಿಸಿದ್ದು. ವಾಸ್ಕೋ ಡ ಗಾಮ ಕೊಚ್ಚಿಯಲ್ಲಿ ತೀರಿಕೊಂಡದ್ದು 1524ರ ಕ್ರಿಸ್ಮಸ್ ಮುನ್ನಾದಿನ. ಅವನನ್ನು ಇಲ್ಲಿ ಹೂಳಿ, ಸುಮಾರು ಹದಿನಾಲ್ಕು ವರ್ಷದ ಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಪ್ರವಾಸಿಗರು ಆ ಖಾಲಿ ಸಮಾಧಿಯ ಸುತ್ತ ನೆರೆಯುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಮಾತಾಡುವುದು ಗೋಡೆಗಳು. ನೆಲಕ್ಕೆ ಹಾಸಿದ್ದ ಸಮಾಧಿಕಲ್ಲುಗಳನ್ನು 1886ರ ಹೊತ್ತಿಗೆ ಎಬ್ಬಿಸಿ ಪೋರ್ಚುಗೀಸರದ್ದನ್ನು ಉತ್ತರದ ಗೋಡೆಗೆ, ಡಚ್ಚರದ್ದನ್ನು ದಕ್ಷಿಣದ ಗೋಡೆಗೆ ಕೂರಿಸಿದರು. ಬದುಕಿದ್ದಾಗ ಕೋಟೆಗಾಗಿ ಕಾದಾಡಿದ ಎರಡು ಜನ ಈಗ ಎದುರುಬದುರು ನಿಂತಿದ್ದಾರೆ. ನಡುವೆ ದಕ್ಷಿಣ ಭಾರತ ಸಭೆಯ ಮಲಯಾಳಿ ಕುಟುಂಬಗಳು ಮೊಣಕಾಲೂರಿ ಪ್ರಾರ್ಥಿಸುತ್ತವೆ. ಡಚ್ಚರ ಕಾಲದ, 1751ರಿಂದ 1804ರವರೆಗಿನ ದೀಕ್ಷಾಸ್ನಾನ, ಮದುವೆಗಳ ದಾಖಲೆ ಪುಸ್ತಕವೂ ಇಲ್ಲಿದೆ. ಕಡಲಿಗೆ ಹತ್ತಿರ, 1724ರಲ್ಲಿ ತೆರೆದ ಡಚ್ ಸ್ಮಶಾನದಲ್ಲಿ ಕೊನೆಯವರನ್ನು ಹೂತದ್ದು 1913ರಲ್ಲಿ. ಸಮಾಧಿಗಳೇನೋ ಭದ್ರವಾಗಿವೆ, ಆದರೆ ಹೂವಿಡಲು ಬರುವ ಮೊಮ್ಮಕ್ಕಳು ಆ ಊರಲ್ಲಿ ಉಳಿದಿಲ್ಲ.

ಹೊರಗಿನವರಿಗೆ ಕೇರಳದ ಕ್ರೈಸ್ತರೆಂದರೆ ಒಂದೇ ಗುಂಪು. ತಪಸ್ಸು ಕಾಲ ಬಂದಾಗ ಅದು ಹಾಗಲ್ಲ ಎಂದು ತಿಳಿಯುತ್ತದೆ. ಫೋರ್ಟ್ ಕೊಚ್ಚಿಯ ಲ್ಯಾಟಿನ್ ಕಥೋಲಿಕರು ನಮ್ಮ ಮಂಗಳೂರಿನವರ ಹಾಗೆ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿ ಅದು. ಸಿರೋ ಮಲಬಾರ್ ಸಭೆಯವರಿಗೆ ಬೂದಿಯ ದಿನ ಎರಡು ದಿನ ಮೊದಲಿನ ಸೋಮವಾರ. ಅದರ ಹಿಂದಿನ ಭಾನುವಾರ ಪೇತುರ್ತ, ಮಾಂಸದ ಅಡುಗೆಯ ಕಡೆಯ ದಿನ. ಅಲ್ಲಿಂದ ಅಂಬದು ನೋಂಬು, ಐವತ್ತು ದಿನದ ಉಪವಾಸ. ಮೀನು, ಮಾಂಸ, ಮೊಟ್ಟೆ, ಹಾಲು ಬಿಟ್ಟು ಕಟ್ಟುನಿಟ್ಟಾಗಿ ನಡೆಸುವ ಹಿರಿಯರು ಇನ್ನೂ ಇದ್ದಾರೆ. ಯಾಕೋಬಾಯ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಬೂದಿಯಿಲ್ಲ. ಬದಲಿಗೆ ಶುಬ್ಕೋನೊ ಎಂಬ ಆರಾಧನೆ. ಪಾದ್ರಿ ಜನರ ಮುಂದೆ ಬಾಗಿ ಕ್ಷಮೆ ಕೇಳುತ್ತಾರೆ, ಜನ ಪಾದ್ರಿಯ ಹತ್ತಿರ ಕೇಳುತ್ತಾರೆ, ಆಮೇಲೆ ಒಬ್ಬರಿನ್ನೊಬ್ಬರ ಹತ್ತಿರ. ವರ್ಷವಿಡೀ ಮಾತು ಬಿಟ್ಟವರ ಎದುರಿಗೂ ಅವತ್ತು ನಿಲ್ಲಲೇಬೇಕು. ಹೊಟ್ಟೆಯ ಉಪವಾಸಕ್ಕಿಂತ ಇದು ಕಷ್ಟದ ವ್ರತ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಈ ಕಾಲದ ಆಚಾರಗಳಲ್ಲೆಲ್ಲ ನನ್ನ ಮನಸ್ಸು ಹೆಚ್ಚು ಹಿಡಿದಿರುವುದು ಪವಿತ್ರ ಗುರುವಾರದ ಪೆಸಹ ಅಪ್ಪ. ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ, ಬೆಳ್ಳುಳ್ಳಿ, ಜೀರಿಗೆ ರುಬ್ಬಿ, ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟಿನ ನಡುವೆ ಗರಿಗಳ ಭಾನುವಾರ ತಂದ ಗರಿಯ ಪುಟ್ಟ ಶಿಲುಬೆ ಇಡುತ್ತಾರೆ. ಜೊತೆಗೆ ತೆಂಗಿನಹಾಲು, ಬೆಲ್ಲ ಕುದಿಸಿದ ಪೆಸಹ ಹಾಲು. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮನೆಯ ಯಜಮಾನ ಅಪ್ಪ ಮುರಿದು ಹಿರಿಯರಿಂದ ಕಿರಿಯರವರೆಗೆ ವಯಸ್ಸಿನ ಸರದಿಯಲ್ಲಿ ಹಂಚುತ್ತಾನೆ. ಆ ವರ್ಷ ಸಾವಾದ ಮನೆಯಲ್ಲಿ ಮಾತ್ರ ಅಪ್ಪ ಮಾಡುವ ಹಾಗಿಲ್ಲ. ಅವರಿಗೆ ನೆಂಟರು, ನೆರೆಯವರು ತಂದುಕೊಡುತ್ತಾರೆ, ಇಲ್ಲವೇ ತಮ್ಮ ಮನೆಗೇ ಕರೆಯುತ್ತಾರೆ. ಗೋವಿಂದ ಪೈಗಳ ಮಂಜೇಶ್ವರದಿಂದ ಕುಂದಾಪುರದವರೆಗೆ ಸೂತಕದ ಮನೆಗೆ ಅಕ್ಕಪಕ್ಕದವರು ಅಡುಗೆ ತಂದಿಡುವುದನ್ನು ಕಂಡ ನಮಗೆ ಇದು ಪರಕೀಯವೆನಿಸದು. ಒಲೆ ಹೊತ್ತದ ಮನೆಯ ಹಸಿವು ಇಡೀ ಕೇರಿಯ ಹೊಣೆ. ಹಬ್ಬದ ದಿನವೇ ಆ ಹೊಣೆಯನ್ನು ಕಟ್ಟಳೆಯಾಗಿ ಹಾಕಿಟ್ಟವರ ವಿವೇಕ ದೊಡ್ಡದು.

ಸಾವಿನ ಮನೆ ಮತ್ತು ತಪಸ್ಸು ಕಾಲ ಎರಡಕ್ಕೂ ಒಂದೇ ಹಾಡು ಇರುವುದೂ ಹೀಗೆಯೇ. ಅರ್ಣೋಸ್ ಪಾದ್ರಿ ಎಂದು ಮಲಯಾಳಿಗಳು ಕರೆಯುವ ಜರ್ಮನ್ ಯೇಸುಸಭೆಯ ಯೋಹಾನ್ ಅರ್ನ್ಸ್ಟ್ ಹಾಂಕ್ಸ್‌ಲೇಡನ್ ನಂಬೂದಿರಿಗಳಿಂದ ಸಂಸ್ಕೃತ ಕಲಿತು, ಮಲಯಾಳಂನಲ್ಲಿ ‘ಪುತ್ತನ್ ಪಾನ’ ಎಂಬ ಕಾವ್ಯ ಬರೆದರು. ಪೂಂದಾನಂ ಭಕ್ತಿಕಾವ್ಯಕ್ಕೆ ಬಳಸಿದ ಪಾನ ಎಂಬ ಧಾಟಿಯಲ್ಲೇ ಕ್ರಿಸ್ತನ ಕಥೆ. ಹನ್ನೆರಡನೆಯ ಪಾದದಲ್ಲಿ ಸತ್ತ ಮಗನ ಮುಂದೆ ತಾಯಿ ಮರಿಯಳ ಅಳಲು. ಪವಿತ್ರ ವಾರದಲ್ಲಿ ಮನೆಮನೆಯಲ್ಲಿ ಹಾಡುವ ಈ ಪಾದವನ್ನೇ ಹೆಣ ಇಟ್ಟ ಮನೆಯಲ್ಲಿ ರಾತ್ರಿ ಕಾಯುವವರೂ ಹಾಡುತ್ತಾರೆ. ಮಗನನ್ನು ಕಳೆದುಕೊಂಡ ಹೆಂಗಸಿಗೆ ತನ್ನ ಮಾತು ಬಾಯಿಗೆ ಬಾರದಾಗ ಮರಿಯಳ ಮಾತು ಒದಗುತ್ತದೆ, ಸುತ್ತ ಕುಳಿತವರ ದನಿಯೂ ಕೂಡುತ್ತದೆ. ಅರ್ಣೋಸ್ ಪಾದ್ರಿ ತಾವು ಸತ್ತದ್ದೂ ತಪಸ್ಸು ಕಾಲದಲ್ಲೇ, 1732ರ ಮಾರ್ಚ್ 20ರಂದು, ತ್ರಿಶೂರು ಸೀಮೆಯ ಪಳುವಿಲ್‌ನಲ್ಲಿ. ನಮ್ಮ ಕಡೆ ಫಾದರ್ ಥಾಮಸ್ ಸ್ಟೀಫನ್ಸರ ‘ಕ್ರಿಸ್ತ ಪುರಾಣ’ಕ್ಕೆ ಇಂಥದೇ ಒಂದು ಬಾಳು ಇತ್ತು. 1616ರ ಆ ಗ್ರಂಥವನ್ನು 1907ರಲ್ಲಿ ಮತ್ತೆ ಅಚ್ಚು ಮಾಡಿಸಿದ್ದು ಮಂಗಳೂರೇ. ಮಲಯಾಳಿಗಳು ತಮ್ಮ ಪಾನವನ್ನು ಬಾಯಲ್ಲಿ ಉಳಿಸಿಕೊಂಡ ಹಾಗೆ ನಾವು ಪುರಾಣವನ್ನು ಉಳಿಸಿಕೊಳ್ಳಲಿಲ್ಲ, ಇದು ನನಗೆ ನೋವಿನ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಪಂಗಡಗಳ ಚರ್ಚುಗಳ ಒಡೆತನದ ವ್ಯಾಜ್ಯದಲ್ಲಿ 2017ರ ಜುಲೈ 3ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದ ನಂತರ ಜಗಳ ಸ್ಮಶಾನಕ್ಕೂ ಹಬ್ಬಿತು. ತಾತ ಮುತ್ತಾತಂದಿರ ಸಮಾಧಿಯ ಪಕ್ಕ ಜಾಗ ಸಿಗದೆ ಶವಗಳು ದಿನಗಟ್ಟಲೆ ಕಾದವು. ಕೊನೆಗೆ ಕೇರಳ ಸರ್ಕಾರ 2020ರಲ್ಲಿ ಹೂಳುವ ಹಕ್ಕಿಗೆಂದೇ ಒಂದು ಕಾನೂನು ತಂದಿತು. ಶುಬ್ಕೋನೊದಲ್ಲಿ ಪರಸ್ಪರ ಬಾಗುವ ಸಭೆಗಳೇ ಹೆಣಕ್ಕೆ ದಾರಿ ಬಿಡಲು ಶಾಸನಸಭೆಯನ್ನು ಕಾಯಬೇಕಾಗಿ ಬಂದದ್ದು ಅತ್ಯಂತ ದುಃಖದ ಮಾತು.

ಕೊಚ್ಚಿಯಿಂದ ದಕ್ಷಿಣಕ್ಕೆ ಹೊರಟರೆ ಆಲಪ್ಪುಳ. ಅಲ್ಲಿ ನೆಲ ಅಗೆದರೆ ನೀರು. 2020ರ ಜುಲೈಯಲ್ಲಿ ಕೋವಿಡ್‌ನಿಂದ ಸತ್ತವರನ್ನು ತೀರಾ ಆಳಕ್ಕೆ ಹೂಳಬೇಕೆಂಬ ನಿಯಮ ಬಂದಾಗ, ಅಷ್ಟು ಅಗೆಯುವುದು ಆ ಮಣ್ಣಿನಲ್ಲಿ ಆಗದ ಕೆಲಸವಾಯಿತು. ಆಲಪ್ಪುಳದ ಲ್ಯಾಟಿನ್ ಧರ್ಮಾಧ್ಯಕ್ಷರು ಚರ್ಚಿನ ಸ್ಮಶಾನದಲ್ಲೇ ದಹನ ಮಾಡಿ, ಬೂದಿಯನ್ನು ಅಲ್ಲೇ ಸಮಾಧಿ ಮಾಡಲು ಒಪ್ಪಿಗೆ ಕೊಟ್ಟರು. ಹೂಳುವುದೇ ವಾಡಿಕೆಯಾದ ಜನ ಅದನ್ನು ಸ್ವೀಕರಿಸಿದರು. ಬೇರೆಲ್ಲೋ ಒಯ್ದು ಸುಡುವ ಬದಲು ಸ್ವಂತ ಇಗರ್ಜಿಯ ಅಂಗಳದಲ್ಲಿ, ಸ್ವಂತ ಪಾದ್ರಿಯ ಪ್ರಾರ್ಥನೆಯ ನಡುವೆ ಬೂದಿಯಾಗುವುದು: ಆ ವರ್ಷದ ಒಂಟಿ ಸಾವುಗಳ ನಡುವೆ ಇದು ಸಣ್ಣ ಕರುಣೆಯಲ್ಲ.

ತಿರುವನಂತಪುರ ನಗರದ ನಡುವೆ ಪಾಳಯಂನಲ್ಲಿ ಸಂತ ಜೋಸೆಫರ ಕೆಥೆಡ್ರಲ್, ಮಸೀದಿ, ಗಣಪತಿ ದೇವಸ್ಥಾನ ಒಂದರ ಬಳಿ ಒಂದು. ಪಟ್ಟಂನಲ್ಲಿ, 1930ರಲ್ಲಿ ರೋಮಿನ ಜೊತೆ ಸೇರಿದ ಮಲಂಕರ ಸಭೆಯ ಮಾರ್ ಇವಾನಿಯೋಸರ ಸಮಾಧಿ. ಆದರೆ ಈ ಊರಿನ ಕ್ರೈಸ್ತರ ಬೇರು ಇರುವುದು ಕಡಲಂಚಿನ ಮೀನುಗಾರರ ಕೇರಿಗಳಲ್ಲಿ. 1544ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಈ ತೀರದಲ್ಲಿ ನಡೆದಾಡಿದರು. ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನಕ್ಕೆ ದೀಕ್ಷಾಸ್ನಾನ ಕೊಟ್ಟೆನೆಂದು ಕೊಚ್ಚಿಯಿಂದ ಕಾಗದ ಬರೆದರು. ಈ ಕೇರಿಗಳು ಕೊಡುವುದನ್ನೂ ಬಲ್ಲವು. ವಿಕ್ರಮ್ ಸಾರಾಭಾಯಿ ರಾಕೆಟ್ ಉಡಾವಣೆಗೆ ತುಂಬಾದಲ್ಲಿ ಜಾಗ ಕೇಳಿದಾಗ ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾ ಭಾನುವಾರದ ಪೂಜೆಯಲ್ಲಿ ಜನರನ್ನೇ ಕೇಳಿದರು, ಜನ ಒಪ್ಪಿದರು. ಮಗ್ದಲದ ಮರಿಯಮ್ಮನ ಆ ಇಗರ್ಜಿಯೇ ಕಚೇರಿಯಾಗಿ, 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಪೂಂದುರ, ವಿಳಿಂಜಂ ಕಡೆಯ ಬಹಳಷ್ಟು ದೋಣಿಗಳು ಆಳ ಕಡಲಲ್ಲಿದ್ದವು. ಎಚ್ಚರಿಕೆ ತಲುಪುವಾಗ ಹೊತ್ತು ಮೀರಿತ್ತು. ಅನೇಕರ ಹೆಣವೂ ಸಿಗಲಿಲ್ಲ. ಕಾಣೆಯಾದವರನ್ನು ಸತ್ತವರೆಂದು ಎಣಿಸಲು ನಮ್ಮ ಕಾನೂನು ಏಳು ವರ್ಷ ಕಾಯುತ್ತದೆ. ಕಾಣೆಯಾದವರ ಮನೆಗಳಿಗೂ ಪರಿಹಾರ ಕೊಡಲು ಸರ್ಕಾರ ಆ ನಿಯಮವನ್ನು ಸಡಿಲಿಸಬೇಕಾಯಿತು.

ಮರುವರ್ಷ ಬೂದಿ ಬುಧವಾರ ಬಂದದ್ದು ಫೆಬ್ರವರಿ 14ಕ್ಕೆ. ಪ್ರೇಮಿಗಳ ದಿನವೂ ಅದೇ. ಹಾಗೆ ಎರಡೂ ಕೂಡಿದ್ದು 1945ರ ನಂತರ ಅದೇ ಮೊದಲು. ಪಾದ್ರಿ ಹಣೆಗೆ ಬೂದಿ ಹಚ್ಚುತ್ತ ಮನುಷ್ಯ ಮಣ್ಣು, ಮಣ್ಣಿಗೇ ಹಿಂದಿರುಗುತ್ತಾನೆ ಎಂದು ನೆನಪಿಸುವ ದಿನ. ಗಂಡನನ್ನು ಕಡಲಿಗೆ ಕೊಟ್ಟ ಹೆಂಗಸಿಗೆ ಮರಳಿಸಿಕೊಳ್ಳಲು ಆ ಮಣ್ಣೂ ಇರಲಿಲ್ಲ. ಮೇಣದಬತ್ತಿ ಹಚ್ಚಲು ಸಮಾಧಿ ಬೇಕಲ್ಲ! ಅಂಥ ಮನೆಗಳಿಗೆ ಉಳಿದದ್ದು ಇಗರ್ಜಿಯ ಪ್ರಾರ್ಥನೆಯಲ್ಲಿ ಕೂಗಿ ಹೇಳುವ ಒಂದು ಹೆಸರು, ಮತ್ತು ಆ ಹೆಸರು ಕೇಳಿದಾಗ ಪಕ್ಕದ ಸಾಲಿನಲ್ಲಿ ಅಳುವ ಜನ.

ಅದೇ ವರ್ಷ ಆಗಸ್ಟ್‌ನಲ್ಲಿ ಮಹಾಪೂರ. ಕಡಲು ಬಿಟ್ಟು ಬೇರೆಲ್ಲೂ ದೋಣಿ ನಡೆಸದ ಈ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೆ ಏರಿಸಿ ಚೆಂಗನ್ನೂರು, ಪತ್ತನಂತಿಟ್ಟ ಕಡೆಗೆ ಹೊರಟರು. ನೌಕಾಪಡೆಯ ದೋಣಿ ಹೋಗಲಾರದ ಓಣಿಗಳಿಗೆ ನುಗ್ಗಿ, ತಮ್ಮ ಜಾತಿ, ಸಭೆ, ಮತ ಯಾವುದೂ ಅಲ್ಲದವರನ್ನು ಮಹಡಿಗಳಿಂದ ಇಳಿಸಿಕೊಂಡು ಬಂದರು. ಮುಖ್ಯಮಂತ್ರಿಗಳು ಅವರನ್ನು ಕೇರಳದ ಸ್ವಂತ ಸೇನೆ ಎಂದು ಕರೆದು ದೋಣಿಗೆ ದಿನಕ್ಕೆ 3,000 ರೂಪಾಯಿ ಘೋಷಿಸಿದಾಗ, ಒಡಹುಟ್ಟಿದವರನ್ನು ಉಳಿಸಿದ್ದಕ್ಕೆ ಕೂಲಿ ಬೇಡ ಎಂದು ಅವರಿಂದ ಉತ್ತರ ಬಂತು. ಕಾಂಪೌಂಡು ಗೋಡೆ, ಗೇಟಿನ ಸಲಾಕೆಗಳಿಗೆ ತಾಗಿ ಎಷ್ಟೋ ದೋಣಿಗಳ ಅಡಿ ಸೀಳಿತ್ತು. ಅವನ್ನು ರಿಪೇರಿಗೆ ಕೊಟ್ಟು ಮತ್ತೆ ಮೀನಿಗೆ ಹೋಗಬೇಕಿತ್ತು.