ಸಂಧಿಗಳಲ್ಲಿ ಲಯವಾಗುವ ಪಾಲಿಮರ್ ಕಣಗಳು

ಶರೀರದೊಳಗಿಟ್ಟ ಸಾಧನವು ತನ್ನ ಕಾರ್ಯವನ್ನು ಮುಗಿಸಿ, ಮರಳಿ ತೆಗೆಯುವ ಶ್ರಮವಿಲ್ಲದೆ ಅಲ್ಲಿಯೇ ಲಯವಾಗಬೇಕೆಂಬುದು ಶಲ್ಯತಂತ್ರದ ಹಳೆಯ ಅಪೇಕ್ಷೆಯು. ಛಿದ್ರವಾದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ಅವುಗಳ ತಲೆಗಳನ್ನು ಮಾತ್ರ ಉಳಿಸಿ ಉದರವನ್ನು ಹೊಲಿಯುವ ವಿಧಿಯು ಸುಶ್ರುತಸಂಹಿತೆಯಲ್ಲಿ ಉಕ್ತವಾಗಿರುವುದು. ಇದನ್ನು ಆ ಅಪೇಕ್ಷೆಯ ಪೂರ್ವರೂಪವೆನ್ನಬಹುದು. ಆದರೆ ಕೀಲಿನ ವಿಷಯದಲ್ಲಿ ಲಯವೊಂದೇ ಸಾಲದು. ಲಯದ ಕ್ರಮವೂ ಹಿತವಾಗಿರಬೇಕೆಂಬುದು ಇಪ್ಪತ್ತನೆಯ ಶತಮಾನದ ಅನುಭವದಿಂದ ತಿಳಿದುಬಂದಿತು.

1932ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞನಾದ ಕರೋದರ್ಸನೂ ಅವನ ಸಹೋದ್ಯೋಗಿಗಳೂ ಲ್ಯಾಕ್ಟೈಡಿನಿಂದ ಪಾಲಿಮರಾಗುವ ಬಗೆಯನ್ನು ಪ್ರಕಟಿಸಿದರು. ಈ ಜಾತಿಯ ಪದಾರ್ಥಗಳಲ್ಲಿ ಅಣುಗಳು ಎಸ್ಟರ್ ಬಂಧಗಳಿಂದ ಸರಪಣಿಯಂತೆ ಕೂಡಿರುತ್ತವೆ. ನೀರು ಆ ಬಂಧಗಳನ್ನು ಕಡಿಯುತ್ತದೆ. ಬಟ್ಟೆಯ ನೂಲಿಗೆ ದೋಷವಾದ ಈ ಸ್ವಭಾವವೇ ಶಸ್ತ್ರವೈದ್ಯನಿಗೆ ಗುಣವಾಯಿತು. 1966ರಲ್ಲಿ ಕುಲಕರ್ಣಿ ಮೊದಲಾದವರು ಪಾಲಿಲ್ಯಾಕ್ಟಿಕ್ ಆಮ್ಲವನ್ನು ಶರೀರದೊಳಗಿಡುವ ಸಾಧನಗಳಿಗೆ ಉಪಯೋಗಿಸುವ ವಿಚಾರವನ್ನು ಬರೆದರು. 1970ರ ಸುಮಾರಿಗೆ ಪಾಲಿಗ್ಲೈಕಾಲಿಕ್ ಆಮ್ಲದ ಹೊಲಿಗೆದಾರವು ಬಳಕೆಗೆ ಬಂದಿತು.

ದಾರದ ತರುವಾಯ ಕಡ್ಡಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1984ರಿಂದೀಚೆಗೆ ಹರಡಿನ ಮುರಿದ ಮೂಳೆಗಳನ್ನು ಇಂಥ ಕಡ್ಡಿಗಳಿಂದ ಕೂಡಿಸಲಾಯಿತು. ಮೂಳೆಗಳು ಕೂಡಿದುವು, ಆದರೆ ಕೆಲವು ರೋಗಿಗಳಲ್ಲಿ ವಾರಗಳು ಕಳೆದ ಮೇಲೆ, ಕ್ರಿಮಿಗಳ ಸಂಪರ್ಕವಿಲ್ಲದೆಯೇ ಊತವೂ ಸ್ರಾವವೂ ಕಾಣಿಸಿಕೊಂಡುವು. ದಪ್ಪನಾದ ವಸ್ತುವು ಹೊರಗಿನಿಂದ ಸವೆಯುವುದಕ್ಕೆ ಬದಲಾಗಿ ಒಳಗೂ ಏಕಕಾಲದಲ್ಲಿ ಶಿಥಿಲವಾಗುತ್ತದೆ; ಒಳಗೆ ಹುಟ್ಟಿದ ಆಮ್ಲವು ಹೊರಬರಲು ದಾರಿಯಿಲ್ಲದೆ ನಿಂತು ಛೇದನವನ್ನು ಮತ್ತಷ್ಟು ತ್ವರೆಗೊಳಿಸುತ್ತದೆ. ಶರೀರವು ಸಾಗಿಸಬಲ್ಲುದಕ್ಕಿಂತ ಹೆಚ್ಚಿನ ಚೂರುಗಳು ಒಮ್ಮೆಗೇ ಬಿಡುಗಡೆಯಾದರೆ ಶೋಥವುಂಟಾಗುವುದು.

ಕಣಗಳ ಕಥೆಯು ಬೇರೊಂದು ಕಡೆಯಿಂದ ಬಂದು ಇದನ್ನು ಸೇರುತ್ತದೆ. 1951ರಲ್ಲಿ ಹಾಲಾಂಡರನು ಸಂಧಿಯೊಳಕ್ಕೆ ಹೈಡ್ರೊಕಾರ್ಟಿಸೋನನ್ನು ಚುಚ್ಚುವ ಕ್ರಮವನ್ನು ಪ್ರಕಟಿಸಿದನು. ನೋವು ಶಮಿಸಿದರೂ ಔಷಧವು ಕೀಲಿನಲ್ಲಿ ಬಹುಕಾಲ ನಿಲ್ಲುತ್ತಿರಲಿಲ್ಲ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಧಿಕಾರವು ಮಂಡಿಯ ಸಂಧಿವಾತಕ್ಕೆ ಅಂಗೀಕರಿಸಿದ ಚಿಕಿತ್ಸೆಯಲ್ಲಿ, ಟ್ರಯಾಮ್ಸಿನೊಲೋನಿನ 32 ಮಿಲಿಗ್ರಾಂ ಅಂಶವು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಸಂಯುಕ್ತ ಪಾಲಿಮರಿನ ಸೂಕ್ಷ್ಮಗೋಲಗಳಲ್ಲಿ ಅಡಕವಾಗಿದೆ. ಆ ಆಮ್ಲಗಳ ಪ್ರಮಾಣವು 75ಕ್ಕೆ 25. ಒಂದೊಂದು ಗೋಲವೂ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ ಮಾತ್ರ. ಅವು ಸಂಧಿಯ ಪೊರೆಯಲ್ಲಿ ನೆಲಸಿ, ಭಕ್ಷಕಕೋಶಗಳಿಂದ ಆವೃತವಾಗಿ, ನೀರಿನಿಂದ ಮೆಲ್ಲಮೆಲ್ಲನೆ ಬಿಡಿಬಿಡಿಯಾಗುತ್ತವೆ; ಹುಟ್ಟಿದ ಆಮ್ಲಗಳು ರಕ್ತಗತವಾಗಿ ಕಡೆಗೆ ಇಂಗಾಲಾಮ್ಲವಾಯುವೂ ನೀರೂ ಆಗುತ್ತವೆ. ಔಷಧವು 12 ವಾರಗಳವರೆಗೆ ಕೀಲಿನಲ್ಲಿ ದೊರೆಯುತ್ತದೆ.

ಕಡ್ಡಿಯೂ ಕಣವೂ ಒಂದೇ ಕುಲದವು. ಪರಿಮಾಣವೂ ವೇಗವೂ ಭೇದಕ್ಕೆ ಕಾರಣವೆಂಬುದು ಸ್ಪಷ್ಟ. ಆದರೂ ಕಣದೊಳಗಿನ ಔಷಧವು ಸ್ವತಃ ಶೋಥಹರವಾದುದರಿಂದ, ಕೀಲಿನ ನೆಮ್ಮದಿಯ ಕೀರ್ತಿಯನ್ನೆಲ್ಲ ವಾಹಕಕ್ಕೇ ಸಲ್ಲಿಸುವುದು ಯುಕ್ತವಲ್ಲ. ಹೆಲ್ಸಿಂಕಿಯಲ್ಲಿ ದೋಷವು ತೋರಿದುದು ಕಡ್ಡಿಯ ಕಾರ್ಯವು ತೀರುತ್ತ ಬಂದ ಕಾಲದಲ್ಲಿ. ಆದುದರಿಂದ ಇಂಥ ಚಿಕಿತ್ಸೆಯ ಪರೀಕ್ಷೆಯು ನೋವಿನ ಶಮನದೊಡನೆ ಮುಗಿಯದೆ, ಕಡೆಯ ಕಣದ ಲಯದವರೆಗೂ ನಡೆಯತಕ್ಕದ್ದು.