ಕುಂಭಮೇಳದ ಪೂರ್ವೋತ್ತರ



ಕುಂಭಮೇಳಕ್ಕೆ ಹೋಗಿ ಬಂದವರು ಗಂಗೆಯ ತಂಬಿಗೆ ಹಿಡಿದು ಮಠಕ್ಕೆ ಬರುವುದುಂಟು. "ಅಮೃತ ಬಿದ್ದ ಜಾಗದಲ್ಲಿ ಮಿಂದು ಬಂದೆವು, ಬುದ್ಧಿ" ಎನ್ನುತ್ತಾರೆ. ಸಂತೋಷದ ಮಾತು. ಆದರೆ ಆ ಅಮೃತ ನೆಲಕ್ಕೆ ಬಿದ್ದದ್ದೇಕೆ ಎಂದು ಯೋಚಿಸಿದವರು ಕಡಿಮೆ.

ಕಥೆ ನಿಮಗೆ ಗೊತ್ತೇ ಇದೆ. ದೇವತೆಗಳೂ ಅಸುರರೂ ಕೂಡಿ ಸಮುದ್ರವನ್ನು ಕಡೆದರು. ಕಡೆಯುವಾಗ ಇದ್ದ ಒಗ್ಗಟ್ಟು ಹಂಚಿಕೊಳ್ಳುವಾಗ ಉಳಿಯಲಿಲ್ಲ. ಕುಂಭಕ್ಕಾಗಿ ನಡೆದ ಎಳೆದಾಟದಲ್ಲಿ ಹರಿದ್ವಾರ, ಪ್ರಯಾಗ, ಉಜ್ಜಯಿನಿ, ನಾಸಿಕಗಳಲ್ಲಿ ಹನಿಗಳು ಚೆಲ್ಲಿದವೆಂದು ನಂಬಿಕೆ. ಸಮುದ್ರಮಥನದ ಕಥೆ ರಾಮಾಯಣ, ಮಹಾಭಾರತ, ಭಾಗವತಗಳಲ್ಲಿದೆ. ನಾಲ್ಕು ಕಡೆ ಹನಿ ಬಿದ್ದ ಮಾತು ಅಲ್ಲಿ ಇಲ್ಲ. ಅದು ಆಮೇಲೆ ಸೇರಿದ್ದು. ಇದನ್ನು ಕೇಳಿ ಯಾರೂ ನೊಂದುಕೊಳ್ಳಬೇಕಾಗಿಲ್ಲ. ಕಥೆ ಈಚಿನದಾದರೂ ಸ್ನಾನ ಪ್ರಾಚೀನವಾದದ್ದೇ. ಪ್ರಯಾಗದ ಮಾಘಸ್ನಾನದ ಮಹಿಮೆಯನ್ನು ಮಹಾಭಾರತವೇ ಹೇಳುತ್ತದೆ.

ಹಾಗಾದರೆ ಕುಂಭವೆಂಬ ಹೆಸರು ಎಲ್ಲಿಯದು? ಗುರುಗ್ರಹವು ಸುಮಾರು 12 ವರ್ಷಗಳಿಗೊಮ್ಮೆ ರಾಶಿಚಕ್ರವನ್ನು ಸುತ್ತಿ ಬರುತ್ತದೆ. ಅದು ಕುಂಭರಾಶಿಯಲ್ಲಿದ್ದಾಗ ಹರಿದ್ವಾರದಲ್ಲಿ ಮೇಳ. ಸಿಂಹರಾಶಿಯಲ್ಲಿದ್ದಾಗ ನಾಸಿಕ, ಉಜ್ಜಯಿನಿಗಳಲ್ಲಿ 'ಸಿಂಹಸ್ಥ'. 1695ರ ಒಂದು ಪಾರಸಿ ಗ್ರಂಥವು ಹರಿದ್ವಾರದ ಮೇಳವನ್ನೇ ಕುಂಭವೆಂದು ಕರೆದಿದೆ. ಪ್ರಯಾಗದ ಮೇಳಕ್ಕೆ ಆ ಹೆಸರು 1860ರ ಈಚಿನ ದಾಖಲೆಗಳಲ್ಲಿ ಕಾಣಸಿಗುತ್ತದೆ.

ಆದರೆ ಪ್ರಯಾಗದ ಮರಳ ದಂಡೆಯಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಒಂದು ದೊಡ್ಡ ಕಾರ್ಯ ನಡೆದಿತ್ತು. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಎದುರು ಸೋತು ಹಿಂದಿರುಗಿದ ಹರ್ಷವರ್ಧನನನ್ನು ನೀವು ಬಲ್ಲಿರಿ. ಅವನು ಐದು ವರ್ಷಗಳಿಗೊಮ್ಮೆ ಅಲ್ಲಿ ದಾನಸಭೆ ಸೇರಿಸುತ್ತಿದ್ದ. ಕ್ರಿ.ಶ. 643ರ ಸುಮಾರಿಗೆ ನಡೆದ ಆರನೆಯ ಸಭೆಯಲ್ಲಿ ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಇದ್ದ. ಬೌದ್ಧರು, ಬ್ರಾಹ್ಮಣರು, ಜೈನರು, ದಿಕ್ಕಿಲ್ಲದ ಬಡವರು ಎಲ್ಲರಿಗೂ 75 ದಿನ ದಾನ ಸಂದಿತು. ಬೊಕ್ಕಸ ಬರಿದಾಯಿತು, ಮೈಮೇಲಿನ ಒಡವೆಯೂ ಹೋಯಿತು. ಕೊನೆಗೆ ಅರಸ ತಂಗಿ ರಾಜ್ಯಶ್ರೀಯಿಂದ ಒಂದು ಹಳೆಯ ಬಟ್ಟೆ ಬೇಡಿ ಉಟ್ಟುಕೊಂಡ. ಅದನ್ನು ಕುಂಭವೆಂದು ಯಾರೂ ಕರೆಯಲಿಲ್ಲ. ಆದರೂ ತುಂಬಿದ ಕೊಡವನ್ನು ಪೂರ್ತಿ ಬಗ್ಗಿಸಿದವನು ಅವನೇ.

ಇನ್ನೊಂದು ಮುಖವನ್ನೂ ನೋಡಬೇಕು. ತಾವು ಮೊದಲು ಮೀಯಬೇಕು, ಮೇಳದಲ್ಲಿ ತಮ್ಮ ಮಾತೇ ನಡೆಯಬೇಕೆಂದು ಸಾಧುಗಳ ಪಂಗಡಗಳೇ ಹೊಡೆದಾಡಿದವು. 1760ರಲ್ಲಿ ಹರಿದ್ವಾರದಲ್ಲಿ ಗೋಸಾಯಿಗಳಿಗೂ ಬೈರಾಗಿಗಳಿಗೂ ಕಾಳಗವಾಯಿತು. 1796ರಲ್ಲಿ ಅಲ್ಲಿಯೇ ಮತ್ತೆ ರಕ್ತ ಹರಿಯಿತು. 1820ರ ಸುಮಾರಿಗೆ ಅಲ್ಲಿನ ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ 430 ಜನ ಸತ್ತರು. ಆಮೇಲೆ ಮೆಟ್ಟಿಲು ಅಗಲವಾದವು. ಮನಸ್ಸು ಅಗಲವಾಯಿತೆ? ಸ್ವಾತಂತ್ರ್ಯಾನಂತರ ಪ್ರಯಾಗದಲ್ಲಿ ನಡೆದ ಮೊದಲ ಕುಂಭದಲ್ಲಿ, 1954ರ ಫೆಬ್ರವರಿ 3ರ ಮೌನಿ ಅಮಾವಾಸ್ಯೆಯಂದು, ನೂರಾರು ಜನ ಕಾಲ್ತುಳಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. 2025ರ ಜನವರಿ 29ರಂದು ಅದೇ ಅಮಾವಾಸ್ಯೆ, ಅದೇ ಸಂಗಮ. ಸರ್ಕಾರ ಮೊದಲು ಹೇಳಿದ ಲೆಕ್ಕವೇ 30 ಜೀವ. ಅವರೆಲ್ಲ ನಮ್ಮ ನಿಮ್ಮಂತೆ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಟವರು. ಜಾಗ ಸಾಲದ್ದು, ವ್ಯವಸ್ಥೆ ಸಾಲದ್ದು ನಿಜ. ಅದು ಏರ್ಪಾಡು ಮಾಡಿದವರ ಹೊಣೆ. ಸತ್ತವರ ಮೇಲೆ ತಪ್ಪು ಹೊರಿಸಬಾರದು. ಆದರೆ ಬದುಕಿರುವ ನಾವು ಕಲಿಯುವ ಪಾಠವೊಂದಿದೆ.

1915ರ ಹರಿದ್ವಾರದ ಕುಂಭಕ್ಕೆ ಗಾಂಧೀಜಿ ಹೋಗಿದ್ದರು. ಅಲ್ಲಿನ ಡಂಭವನ್ನೂ ಹೊಲಸನ್ನೂ ಕಂಡು ಮರುಗಿದರು. ಅದಕ್ಕೆ ಪ್ರಾಯಶ್ಚಿತ್ತವೆಂದು, ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ವ್ರತ ತೊಟ್ಟರು. ಪರರ ತಪ್ಪಿಗೆ ತಮ್ಮ ನಾಲಿಗೆಯನ್ನು ಕಟ್ಟಿಕೊಂಡರು.

ನಮ್ಮ ನಾಡಿನಲ್ಲೂ ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆದುಬಂದಿದೆ. ಅಲ್ಲಿಗೆ ಹೋಗಿ; ಪ್ರಯಾಗಕ್ಕೂ ಹೋಗಿ. ಆದರೆ ಹೊಳೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ನಿಂತಿದ್ದರೆ ಕೈಹಿಡಿದು ಮೊದಲು ಅವಳನ್ನು ಇಳಿಸಿ. ನಿಮ್ಮ ಮುಹೂರ್ತ ಮೀರಿದರೆ ಮೀರಲಿ. ಎಳೆದಾಡಿದಾಗ ಅಮೃತ ಚೆಲ್ಲಿತು. ಬಿಟ್ಟುಕೊಟ್ಟ ಕೈಯಲ್ಲಿ ಅದು ತುಂಬಿಕೊಳ್ಳುತ್ತದೆ. ಅಂಥ ಕೈ ನಿಮ್ಮೆಲ್ಲರದಾಗಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.