ಬಿ.ಎ. ಅರ್ಥಶಾಸ್ತ್ರ (ಮಂಡ್ಯ ಜಿಲ್ಲೆ)

ಮಂಡ್ಯ, ಮದ್ದೂರು, ಮಳವಳ್ಳಿಯ ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ ಪಡೆಯುವ ಕಲಾ ಪದವಿ. ಈಗಿನ ಅವಧಿ ಮೂರು ವರ್ಷ, ಆರು ಸೆಮಿಸ್ಟರ್. ಇಲ್ಲಿ ಅರ್ಥಶಾಸ್ತ್ರ ಒಂಟಿಯಾಗಿ ಸಿಗುವುದು ಅಪರೂಪ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಐಚ್ಛಿಕ ಕನ್ನಡದ ಜೊತೆ ಸೇರಿಯೇ ಬರುತ್ತದೆ. ‘ಎಚ್‌ಇಪಿ’ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ‘ಎಚ್‌ಇಎಸ್’ (ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ) ಎಂಬ ಕಾಂಬಿನೇಷನ್ ಹೆಸರುಗಳೇ ವಿದ್ಯಾರ್ಥಿಗಳ ಬಾಯಲ್ಲಿ ಬಳಕೆಯಲ್ಲಿವೆ.

ಆಡಳಿತ: ಜಿಲ್ಲೆಯ ಕಾಲೇಜುಗಳು ಬಹುಕಾಲ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಮಂಡ್ಯದ ಸರ್ಕಾರಿ ಸ್ವಾಯತ್ತ ಕಾಲೇಜು 2019ರಲ್ಲಿ ಏಕೀಕೃತ ವಿಶ್ವವಿದ್ಯಾಲಯವಾಯಿತು. ಮುಂದೆ ಅದೇ ಮಂಡ್ಯ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಸೂಚಿಸಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದು.

ಪ್ರವೇಶ: ಪಿಯುಸಿ ಪಾಸಾಗಿರಬೇಕು. ಕಲಾ ವಿಭಾಗದವರಷ್ಟೇ ಅಲ್ಲ, ವಾಣಿಜ್ಯ, ವಿಜ್ಞಾನ ಓದಿದವರೂ ಸೇರಬಹುದು. ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಾತಿ ಕಡ್ಡಾಯ. ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು.

ನಿಯಮಗಳ ಬದಲಾವಣೆ: ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021–22ರಲ್ಲಿ ಜಾರಿಗೆ ತಂದಾಗ ಮೂರು ವಿಷಯಗಳ ಜಾಗಕ್ಕೆ ಎರಡು ಬಂದವು, ನಾಲ್ಕನೆಯ ವರ್ಷ ಓದಿದವರಿಗೆ ಆನರ್ಸ್ ಎಂದಾಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ, 2024ರ ಮೇ ತಿಂಗಳ ಆದೇಶದಂತೆ 2024–25ರಿಂದ ಸೇರಿದವರಿಗೆ ಮೂರು ವರ್ಷದ ಪದವಿ, ಮೂರು ವಿಷಯಗಳ ಪದ್ಧತಿ ಮರಳಿದವು. ಹೀಗಾಗಿ ಒಂದೇ ಮನೆಯ ಅಕ್ಕ, ತಮ್ಮ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ನಿಯಮದಡಿ ಓದಿರುವುದುಂಟು.

ಪತ್ರಿಕೆಗಳು: 2021ರ ಮಾದರಿ ಪಠ್ಯಕ್ರಮ ಅರ್ಥಶಾಸ್ತ್ರದ ಮೂಲತತ್ತ್ವಗಳು, ಸಮಕಾಲೀನ ಭಾರತದ ಆರ್ಥಿಕತೆ, ಕರ್ನಾಟಕದ ಆರ್ಥಿಕತೆಯಿಂದ ಶುರುವಾಗುತ್ತಿತ್ತು. ಎರಡನೆಯ ವರ್ಷ ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ಜೊತೆಗೆ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ ಹಾಗೂ ಸಂಖ್ಯಾಶಾಸ್ತ್ರ. ಕೊನೆಯ ವರ್ಷಕ್ಕೆ ಸಾರ್ವಜನಿಕ ಹಣಕಾಸು, ಅಭಿವೃದ್ಧಿ ಅರ್ಥಶಾಸ್ತ್ರದಂಥ ಪತ್ರಿಕೆಗಳು. ಹೈಸ್ಕೂಲಿಗೇ ಗಣಿತ ಬಿಟ್ಟುಬಂದವರಿಗೆ ಗಣಿತದ ಪತ್ರಿಕೆಯೇ ದೊಡ್ಡ ಕಗ್ಗಂಟು. ಇವುಗಳ ಹೊರತಾಗಿ ಎರಡು ಭಾಷೆ, ಸಂವಿಧಾನದ ಪತ್ರಿಕೆ ಓದಬೇಕು. ಅಂಕಗಳಲ್ಲಿ ಒಂದು ಪಾಲು ಆಂತರಿಕ ಮೌಲ್ಯಮಾಪನಕ್ಕೆ ಮೀಸಲು.

ಸ್ಥಳೀಯ ಸಂದರ್ಭ: ಪಠ್ಯದ ಬೆಲೆ ಸಿದ್ಧಾಂತಕ್ಕೆ ಈ ಜಿಲ್ಲೆಯಲ್ಲೇ ಉದಾಹರಣೆಗಳಿವೆ. ಕಾರ್ಖಾನೆಗೆ ಹೋಗುವ ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ನಿಗದಿ ಮಾಡುತ್ತದೆ. ಅದೇ ಕಬ್ಬು ಆಲೆಮನೆಗೆ ಹೋಗಿ ಬೆಲ್ಲವಾದರೆ ಮಂಡ್ಯದ ಎಪಿಎಂಸಿ ಹರಾಜಿನಲ್ಲಿ ದಿನಕ್ಕೊಂದು ದರ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬೇಸಿಗೆಯ ಬೇಡಿಕೆ ಏರಿದಂತೆ ಕಾಯಿಯ ದರವೂ ಏರುತ್ತದೆ.

ಅಭಿವೃದ್ಧಿ ಅರ್ಥಶಾಸ್ತ್ರಕ್ಕೂ ಮಂಡ್ಯದ ಕೊಡುಗೆ ದೊಡ್ಡದು. ಮಾನವಶಾಸ್ತ್ರಜ್ಞೆ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಇಲ್ಲಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಬದಲಿ ಹೆಸರುಗಳಿವೆ. ನಾಲೆಯ ನೀರು ಹರಿದ ವಂಗಲ ಕಬ್ಬು, ಭತ್ತ ಬೆಳೆದು ಬೇಸಾಯವನ್ನೇ ನಂಬಿತು. ಹಳೆಯ ಸಂಬಂಧಗಳೂ ಹೆಚ್ಚು ಕದಲಲಿಲ್ಲ. ಎತ್ತರದಲ್ಲಿದ್ದು ನೀರು ಹತ್ತದ ದಲೇನದವರು ಊರಾಚೆಯ ಕೆಲಸ, ವ್ಯಾಪಾರಗಳಿಗೆ ಕೈಹಾಕಿದರು. ಬದಲಾವಣೆ ಹೆಚ್ಚು ಕಂಡದ್ದು ಅಲ್ಲಿಯೇ.

ಮುಂದಿನ ದಾರಿ: ಪದವೀಧರರು ಮೈಸೂರಿನ ಮಾನಸಗಂಗೋತ್ರಿಯಂಥ ಕಡೆ ಎಂ.ಎ.ಗೆ ಅಥವಾ ಬಿ.ಇಡಿ.ಗೆ ಸೇರುತ್ತಾರೆ, ಬ್ಯಾಂಕ್, ಕೆಪಿಎಸ್‌ಸಿ ಪರೀಕ್ಷೆಗಳಿಗೆ ತಯಾರಿ ನಡೆಸುವವರೂ ಇದ್ದಾರೆ. ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ, ಸೇರುವವರು ತಮ್ಮ ಪ್ರವೇಶ ವರ್ಷಕ್ಕೆ ಅನ್ವಯಿಸುವ ಪಠ್ಯಕ್ರಮವನ್ನು ಕಾಲೇಜಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.